ಎಲೆಕ್ಟ್ರಾನ್ ಗೊಂಚಲಿನ ತಲೆ ಯಾವ ಕಡೆ?

ನಾಲ್ಕು ದಿನ ರಜೆ ಹಾಕಿ ಕೊಳ್ಳೇಗಾಲಕ್ಕೆ ಬಂದಿದ್ದೆ. ಹೊರಡುವ ಮುಂಚೆ ಪ್ರಯೋಗಾಲಯದ ಗೆಳತಿಗೆ ಒಂದು ಚಿತ್ರ ಕಳಿಸಿ, ಕೆಲಸ ಮುಗಿಯಿತೆಂದು ಬೀಗಿದ್ದೆ. ಕಣ ವೇಗವರ್ಧಕ ಯಂತ್ರದಲ್ಲಿ ಓಡುವ ಎಲೆಕ್ಟ್ರಾನ್ ಗೊಂಚಲಿನ ಆಕಾರ ಅಳೆಯುವುದು ನನ್ನ ಕೆಲಸ. ಗೊಂಚಲು ಎಷ್ಟು ಗಿಡ್ಡವೆಂದರೆ ಯಾವ ಗಡಿಯಾರಕ್ಕೂ ಸಿಗುವುದಿಲ್ಲ. ಅದಕ್ಕೇ ದಾರಿಯಲ್ಲಿ ಅದನ್ನು ಓರೆಯಾಗಿ ತಳ್ಳುತ್ತೇವೆ. ಮುಂದಿನವು ಪರದೆಯ ಒಂದು ಪಕ್ಕಕ್ಕೆ, ಹಿಂದಿನವು ಇನ್ನೊಂದು ಪಕ್ಕಕ್ಕೆ ಬೀಳುತ್ತವೆ. ಆ ಬೆಳಕಿನ ಗೆರೆಯನ್ನು ಕ್ಯಾಮೆರಾ ಹಿಡಿಯುತ್ತದೆ. ನನ್ನ ಚಿತ್ರದ ಪ್ರಕಾರ ಗೊಂಚಲಿನ ಮುಂತುದಿ, ಅಂದರೆ ತಲೆ, ದಪ್ಪ; ಹಿಂತುದಿ, ಅಂದರೆ ಬಾಲ, ಸಪೂರ. ಅದನ್ನು ನಂಬಿಕೊಂಡು ಗೆಳತಿ, ನಾನು ಊರಿಗೆ ಬಂದ ಮರುದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಯಂತ್ರ ಹೊಂದಿಸುವವಳಿದ್ದಳು. ಎಂಟು ತಿಂಗಳು ಕಾದ ಮೇಲೆ ಅವಳ ಪ್ರಯೋಗಕ್ಕೆ ಸಿಕ್ಕಿದ್ದು ಆ ಒಂದೇ ಮಧ್ಯಾಹ್ನ.

ಆ ದಿನ ಹನ್ನೊಂದೂವರೆಗೆ ಅಪ್ಪ ಮಗ್ಗದಿಂದ ಕೂಗಿದರು.

"ಮೊಬೈಲ್ ಸಾಕು ಬಾರವ್ವಾ. ಕನ್ನಡಿ ತಕಂಡು ಕೆಳಗಡೆ ಇಡ್ಕೊ."

ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯನ್ನು ಮಗುಚಿ ನೇಯುತ್ತಾರೆ. ಮುಖ ನೆಲದ ಕಡೆಗಿರುತ್ತದೆ. ಅಂಚಿನ ಜರಿ ಹಂಸಗಳು ಸರಿಯಾಗಿ ಕೂತಿವೆಯೇ ಎಂದು ನೋಡಲು ಅಡಿಯಲ್ಲಿ ಕನ್ನಡಿ ಹಿಡಿಯಬೇಕು.

"ಅಂಸ ಯಾವ್ ಕಡೀಕ್ ನೋಡ್ತದೆ?"

"ಎಡಕ್ಕೆ ಕಣಪ್ಪಾ."

"ಅಂಗಾರೆ ಸರಿ ಬುಡು. ಕನ್ನಡೀಲಿ ಎಡಕ್ ಕಂಡ್ರೆ ಉಟ್ಕಂಡಾಗ ಬಲಕ್ಕೇ."

ಕೈಯಲ್ಲಿದ್ದ ಕನ್ನಡಿ ನೋಡಿ ನನಗೆ ಆ ಕ್ಯಾಮೆರಾ ನೆನಪಾಯಿತು. ಹಿಂದಿನ ತಿಂಗಳು, ವಿಕಿರಣಕ್ಕೆ ಕ್ಯಾಮೆರಾ ಹಾಳಾಗದಿರಲೆಂದು ಅದನ್ನು ಗೋಡೆಯ ಮರೆಗೆ ಸರಿಸಿ, ನಡುವೆ ಮೊದಲೇ ಇದ್ದ ಕನ್ನಡಿಯ ಜೊತೆಗೆ ಇನ್ನೊಂದನ್ನು ಕೂರಿಸಿದ್ದೆವು. ಅದರ ಸ್ಕ್ರೂ ಬಿಗಿ ಮಾಡಿದ್ದೇ ನಾನು. ಚಿತ್ರ ಓದುವ ನನ್ನ ಪ್ರೋಗ್ರಾಂನಲ್ಲಿ ಮಾತ್ರ ಇನ್ನೂ ಒಂದೇ ಕನ್ನಡಿಯ ಲೆಕ್ಕವಿತ್ತು. ಅಂದರೆ ನಾನು ತಲೆ ಎಂದದ್ದು ಬಾಲ! ಅವಳು ಯಂತ್ರವನ್ನು ಪೂರಾ ಉಲ್ಟಾ ಹೊಂದಿಸುತ್ತಾಳೆ, ಎಂಟು ತಿಂಗಳು ಕಾದದ್ದು ನೀರುಪಾಲು.

ಫೋನ್ ಮಾಡಿದೆ, ಬಿಜಿ. ಮತ್ತೆ ಬಿಜಿ. ಬಾಯಿಗೆ ಬಂದಂತೆ ನನ್ನನ್ನೇ ಬೈದುಕೊಂಡು ಬೀದಿಯಲ್ಲಿ ಶತಪಥ ತಿರುಗಿದೆ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಎತ್ತಿದಳು.

"ಯಂತ್ರ ಮುಟ್ಟಬೇಡ. ನನ್ನ ಚಿತ್ರದಲ್ಲಿ ತಲೆ ಬಾಲ ಅದಲುಬದಲಾಗಿದೆ."

"ಗ್ಯಾರಂಟಿನಾ?"

"ಗ್ಯಾರಂಟಿ."

"ಮೊನ್ನೆಯೂ ಕೇಳಿದ್ದೆ. ಆಗಲೂ ಗ್ಯಾರಂಟಿ ಅಂದಿದ್ದೆ ನೀನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು.

"ನನ್ನ ಮಾತು ನಂಬಬೇಡ. ಯಂತ್ರ ಇನ್ನೂ ಶುರುವಾಗಿಲ್ಲವಲ್ಲ, ಅದರ ಕೋಣೆಯೊಳಗೆ ಹೋಗಿ ಕನ್ನಡಿ ಎಣಿಸು" ಎಂದೆ.

ಕಾಲು ಗಂಟೆ ಕಾದೆ. ಒಳಗಿನಿಂದ ಅಪ್ಪ ಕರೆಯುತ್ತಲೇ ಇದ್ದರು. ಕೊನೆಗೆ ಮೆಸೇಜ್ ಬಂತು: "ಎರಡಿವೆ." ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಪ್ರಯೋಗ ಚೆನ್ನಾಗಿ ನಡೆಯಿತು. ಅಂದಿನಿಂದ ನನ್ನ ಚಿತ್ರ ಕೈಗೆ ಸಿಕ್ಕಾಗಲೆಲ್ಲ ಅವಳು ತಾನೇ ಒಳಗೆ ಹೋಗಿ ನೋಡಿ ಬರುತ್ತಾಳೆ. ಗ್ಯಾರಂಟಿನಾ ಎಂದು ನನ್ನನ್ನು ಮತ್ತೆಂದೂ ಕೇಳಿಲ್ಲ.