ಎಡಕ್ಕೆ ಹೊಳ್ಳಿದ ಮೃಗ

ಅವ್ವ ಮತ್ತೆ ಮಾತಾಡಿದಳು. ಇಷ್ಟು ವರ್ಷಗಳಾದರೂ ಈ ಸಂತೋಷದ ಸುದ್ದಿಯನ್ನು ಮೊದಲು ಹೇಳಿಬಿಡದೆ ಮುಂದಿನದು ನನ್ನ ಬಾಯಿಗೆ ಬರುವುದಿಲ್ಲ. ಮೊನ್ನೆ ಮೊಮ್ಮಗಳು ಟೀವಿಯಲ್ಲಿ ಡೈನೋಸಾರುಗಳ ಚಿತ್ರ ಹಚ್ಚಿದ್ದಳು. ಮನೆಯಷ್ಟು ಎತ್ತರದ ಪ್ರಾಣಿಯೊಂದು ಕೂಗಿತು. ನನಗೆ ಕೇಳಿದ್ದು ಅವ್ವನ ದನಿ, ಬಹಳ ದಿನ ಬಳಸದೆ ಒಣಗಿದ ದನಿ. ಮೊಮ್ಮಗಳನ್ನು ತಬ್ಬಿಕೊಂಡು ನಕ್ಕೇ ನಕ್ಕೆ.

ಅದು ನಿಜಾಮರ ಕಾಲ. ನಮ್ಮ ಮನೆ ಮಸ್ಕಿಯಲ್ಲಿ, ಗುಡ್ಡದ ಬುಡಕ್ಕಿತ್ತು. ತೊಟ್ಟಿಲಲ್ಲಿದ್ದ ತಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಅವ್ವ ಮಾತು ಬಿಟ್ಟಿದ್ದಳು. ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಉಣ್ಣಲು ಕರೆದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಒಂದು ಸಂಜೆ ಊರಿಗೆ ಬಂದಿದ್ದ ಡೇರೆ ಸಿನಿಮಾಕ್ಕೆ ಅಪ್ಪ ಅವ್ವನನ್ನೂ ನನ್ನನ್ನೂ ಕರೆದೊಯ್ದ. ಹೆಂಗಸರು ಗಂಡಸರ ಕಣ್ಣಿಗೆ ಬೀಳಬಾರದೆಂಬ ಗೋಷಾ ಇತ್ತು, ಹಾಗಾಗಿ ಗಂಡಸರು ಚಿತ್ರದ ಪರದೆಯ ಮುಂದೆ, ನಾವು ಪರದೆಯ ಹಿಂದೆ. ತೆಳು ಬಟ್ಟೆ, ಚಿತ್ರ ಎರಡೂ ಕಡೆ ಕಾಣುತ್ತಿತ್ತು. ಚಿತ್ರದಲ್ಲಿದ್ದವು ಮನುಷ್ಯರು ಹುಟ್ಟುವ ಮೊದಲಿನ ಮೃಗಗಳಂತೆ. ಒಂದು ಮರಿ ಕೆಸರಲ್ಲಿ ಸಿಕ್ಕಿಕೊಂಡಿತು. ಹಿಂಡಿನ ಜೊತೆ ಹೊರಟಿದ್ದ ತಾಯಿ ಹೊಳ್ಳಿ ಬಂದು ಅದರ ಮಗ್ಗುಲಲ್ಲಿ ನಿಂತಿತು. ಅವ್ವ ನನ್ನ ಕೈಯನ್ನು ನೋಯುವಂತೆ ಹಿಡಿದಿದ್ದಳು.

ಮರುದಿನ ಮಧ್ಯಾಹ್ನ ಅಪ್ಪ ಪಡಸಾಲೆಯಲ್ಲಿ ಕೂತು, ಮನೆಯಲ್ಲೇ ಉಳಿದಿದ್ದ ಅಜ್ಜಿಗೆ ಎಲ್ಲವನ್ನೂ ವರ್ಣಿಸುತ್ತಿದ್ದ. "ಮರಿ ಸಲವಾಗಿ ತಾಯಿ ಬಲಕ್ಕ ಹೊಳ್ಳಿತು ನೋಡಬೇ," ಎಂದ. ಒಳಗೆ ಬೀಸುಕಲ್ಲು ನಿಂತಿತು.

"ಎಡಕ್ಕ ಹೊಳ್ಳಿತರಿ," ಎಂದಳು ಅವ್ವ. "ನಾ ನೋಡೀನಿ."

ಪರದೆಯ ಹಿಂದೆ ಕೂತವರಿಗೆ ಎಡ ಬಲ ಅದಲುಬದಲಾಗುತ್ತದೆಂದು ಅಂದು ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಸೋಲಲೊಲ್ಲ, ಸೋತರೆ ಮಾತು ಅಲ್ಲಿಗೇ ಮುಗಿದೀತೆಂಬ ಅಂಜಿಕೆ ಅವನಿಗೆ. "ಹಿಂದ ಕುಂತಾಕಿಗೆ ಏನು ಕಂಡೀತು?" ಎಂದು ಕೆಣಕಿದ. ಅವ್ವ ಎದ್ದು ಬಂದು, ಮರಿ ಎಲ್ಲಿತ್ತು, ತಾಯಿ ಯಾವ ಕಡೆಯಿಂದ ಬಂತು ಎಂದು ಹಿಟ್ಟಿನ ಬೆರಳಿನಿಂದ ನೆಲದ ಮೇಲೆ ತೋರಿಸುತ್ತ, ಹೊತ್ತು ಇಳಿಯುವವರೆಗೂ ವಾದ ಮಾಡಿದಳು.

ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವ ಮನೆ ನಮ್ಮದು. ಆ ಸಂಜೆ ಅಜ್ಜಿ ಎಲ್ಲರನ್ನೂ ಒಲೆಯ ಮುಂದೆ ಒಟ್ಟಿಗೇ ಕೂಡಿಸಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ. ಆ ಒಲೆ ಈಗಿಲ್ಲ, ಅದರ ಮುಂದೆ ಕೂತವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅಪ್ಪ ತುತ್ತು ಎತ್ತುವ ಮೊದಲು ಮೆಲ್ಲಗೆ, "ಬಲಕ್ಕ," ಎಂದ.

"ಸುಮ್ಮನ ಉಣ್ಣರಿ," ಎಂದು ಅವ್ವ ರೊಟ್ಟಿ ಮುರಿದು ತನ್ನ ಬಾಯಿಗಿಟ್ಟುಕೊಂಡಳು.