ಬ್ಯಾಂಡಿನ ಚಾಚಿ ಹೆಣೆದ ಹಳದಿ ಪಟ್ಟಿ

ಯುಗಾದಿಗೆ ಮುಂಚೆ ಮನೆ ತೊಳೆಯಲೆಂದು ಟ್ರಂಕು ತೆರೆದೆ. ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಹಳೆಯ ಪಂಜೆಯೊಳಗೆ ಸುತ್ತಿಟ್ಟಿದ್ದ ಉಣ್ಣೆಯ ಅಗಲ ಪಟ್ಟಿ. ಹಳದಿ ಮಾಸಿ ಗೋಧಿಯ ಬಣ್ಣವಾಗಿತ್ತು. ಕೈಗೆತ್ತಿಕೊಂಡವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ...

ಬೆಟಗೇರಿಯಲ್ಲಿ ನನ್ನ ತವರುಮನೆಗೆ ಗೋಡೆ ಹತ್ತಿದ ಮನೆ ಚಾಚಿಯದು. ಅವರ ಯಜಮಾನರು, ನಾವೆಲ್ಲ ಚಾಚಾ ಅನ್ನುತ್ತಿದ್ದವರು, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಹೀಗಾಗಿ ಓಣಿಗೆಲ್ಲ ಆಕೆ ಬ್ಯಾಂಡಿನ ಚಾಚಿ. ಶಿವರಾತ್ರಿ ದಾಟಿ ಬಿಸಿಲು ಏರುತ್ತಿದ್ದಂತೆ ಅವರ ಅಂಗಳದಲ್ಲಿ ತಾಲೀಮು ಶುರುವಾಗುತ್ತಿತ್ತು. ಚಾಚಿ ಹೊಸ್ತಿಲಲ್ಲಿ ಕೂತು ಡೋಲಿನ ತಾಳಕ್ಕೇ ಕಡ್ಡಿ ಆಡಿಸುತ್ತ ಹೆಣೆಯುತ್ತಿದ್ದರು. ಬ್ಯಾಂಡಿನವರ ಕೆಂಪು ಕೋಟಿನ ಭುಜಕ್ಕೆ ಜೋತಾಡುವ ಜರಿ ಗೊಂಡೆಗಳನ್ನು ಪ್ರತಿ ವಸಂತದಲ್ಲೂ ಹೊಸದಾಗಿ ಮಾಡುವವರು ಅವರೇ. ಅದು ಮುಗಿದರೆ ಯಾರದಾದರೂ ಸ್ವೆಟರ್. ಓಣಿಯ ಹೆಂಗಸರಿಗೆ ನಗು ತಡೆಯುತ್ತಿರಲಿಲ್ಲ.

“ಈ ಪರಿ ಬಿಸಿಲೈತಿ, ಯಾರಿಗೆ ಚಳಿ ಬಂದೈತ್ರಿ ಚಾಚಿ?”

“ನನ್ನ ಕೈಗೆ ಬಂದೈತವಾ. ಸುಮ್ಮನ ಕುಂತ್ರ ನಡಗತಾವ,” ಅನ್ನುತ್ತಿದ್ದರು.

ಅಂಥದೇ ಒಂದು ಬೇಸಿಗೆಯ ಮೊದಲಲ್ಲಿ ನನ್ನ ಮಗಳು ಹುಟ್ಟಿದಳು. ದಿನ ತುಂಬುವ ಮೊದಲೇ. ಗದಗಿನ ಆಸ್ಪತ್ರೆಯಲ್ಲಿ ನರ್ಸಕ್ಕ ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿ, “ಮೈ ಬೆಚ್ಚಗ ಉಳೀಬೇಕು. ಹಿಂಗ ಹಚ್ಚಿಕೊಂಡ ಇರ್ರಿ, ಬಿಡಬ್ಯಾಡ್ರಿ,” ಎಂದಳು. ಹೊರಗೆ ಡಾಂಬರು ಕರಗುವ ಬಿಸಿಲು. ನನ್ನ ಎದೆಯ ಮೇಲೆ ಮಾತ್ರ ಆ ಪುಟ್ಟ ಪಾದಗಳು ತಣ್ಣಗೆ. ಸೀರೆಯಲ್ಲಿ ಕಟ್ಟಿಕೊಂಡರೆ ಕೂಸು ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಕೂಸಿನ ಟೋಪಿಗಾಗಿ ಅವ್ವ ಬಜಾರವೆಲ್ಲ ಸುತ್ತಿ ಬಂದಳು. ಉಣ್ಣೆಯದು ಬೇಕಾದರೆ ಚಳಿಗಾಲಕ್ಕೆ ಬರ್ರಿ ಅಂದರಂತೆ ಅಂಗಡಿಯವರು. ಹಾಲು ಕುಡಿಯುವಷ್ಟೂ ತ್ರಾಣ ಕೂಸಿಗೆ ಇರಲಿಲ್ಲ. ಯಾರಾದರೂ ಕೂಸಿಗೆ ಹೆಸರಿಡುವ ಮಾತೆತ್ತಿದರೆ ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ.

ಚಾಚಿ ಮಧ್ಯಾಹ್ನ ನೋಡಲು ಬಂದರು. ಕೂಸನ್ನು ಮುಟ್ಟಲಿಲ್ಲ. ಸೀರೆ ಜಾರುವುದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಸೆರಗಿನ ತುದಿಯನ್ನು ನನ್ನ ಬೆನ್ನ ಸುತ್ತ ತಂದು ಅಳತೆ ತೆಗೆದುಕೊಂಡರು.

“ಕಟ್ಟಿದ್ರ ಜಾರತೈತಿ. ಹೆಣೆದ್ರ ಹಿಡಕೋತೈತಿ,” ಎಂದವರೇ ಹೊರಟುಹೋದರು.

ಮುಂದೆ ಅವರ ಮನೆಯಲ್ಲಿ ನಡೆದದ್ದನ್ನು ಅವ್ವ ಹೇಳಿದಳು. ಅಂಗಡಿಯಲ್ಲಿ ಉಣ್ಣೆ ಸಿಗದಿದ್ದಾಗ ಚಾಚಿ ಪೆಟ್ಟಿಗೆಯಿಂದ ಚಾಚಾನ ಹಳದಿ ಸ್ವೆಟರ್ ತೆಗೆದರಂತೆ. ಮದುವೆಯಾದ ಹೊಸದರಲ್ಲಿ ಹೆಣೆದುಕೊಟ್ಟದ್ದು, ಒಗೆದು ಒಗೆದು ಬೆಣ್ಣೆಯಂತಾಗಿತ್ತು. ಅದರ ತೋಳಿಗೆ ಕತ್ತರಿ ಇಡುವಾಗ ಚಾಚಿಯ ಕೈ ಒಂದು ಗಳಿಗೆ ನಿಂತಿತಂತೆ. ಚಾಚಾ ಎದುರಿಗೇ ಕೂತಿದ್ದರು.

“ಬಿಚ್ಚು, ಬಿಚ್ಚು. ಕ್ಲಾರಿನೆಟ್ ಊದಾಂವಗ ಚಳಿ ಎಲ್ಲಿಂದ ಬರಬೇಕು?” ಎಂದು ಬಿಚ್ಚಿದ ಎಳೆಯನ್ನು ತಾವೇ ಉಂಡೆ ಸುತ್ತಿದರಂತೆ. ಅದನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರು.

ಮೊದಲು ಬಂದದ್ದು ಟೋಪಿ. ಮೋಸಂಬಿಗೆ ತೊಡಿಸುವಷ್ಟು ಚಿಕ್ಕದು. ಆಮೇಲೆ ಕಾಲುಚೀಲ. ಅದರ ಹಿಂದೆಯೇ ಆ ಪಟ್ಟಿ... ಎಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಮೈಗೆ ಅಪ್ಪುತ್ತಿತ್ತು. ಕೂಸನ್ನು ಅದರೊಳಗೆ ಎದೆಗೆ ಒರಗಿಸಿ ಮಲಗಿಸಿದರೆ ಕದಲಲಿಲ್ಲ. ನರ್ಸಕ್ಕ ತಾನೇ ಎಳೆದು ನೋಡಿ, “ಇನ್ನೊಂದು ಹೆಣೆದು ಕೊಡ್ರಿ ಚಾಚಿ, ಆ ಮೂಲ್ಯಾಗಿನ ಕೂಸಿಗೂ ಬೇಕು,” ಎಂದಳು.

ಹೆರಿಗೆಯಾದ ಮೇಲೆ ನನ್ನ ಎರಡೂ ಕೈ ಬಿಡುವಾದದ್ದು ಅಂದೇ. ಚಾಚಿ ಡಬ್ಬಿ ಬಿಚ್ಚಿದರು. ಮೆತ್ತನ್ನ ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಸಬ್ಬಸಗಿ ಪಲ್ಯೆ, ಬಾಣಂತಿಗೆಂದೇ ಮಾಡುವ ಅಳವಿ ಬೀಜದ ಬಿಸಿ ಪಾಯಸ.

“ಉಣ್ಣು. ನಿನ್ನ ಹೊಟ್ಟಿ ತುಂಬಿದ್ರ ಅಕಿ ಹೊಟ್ಟಿ ತುಂಬತೈತಿ.”

ನಾನು ಉಣ್ಣುವಾಗ ಅವರು ಕೂಸಿನ ತಲೆಯ ಹತ್ತಿರ ಬಾಗಿ ಗುನುಗುತ್ತಿದ್ದರು. ಚಾಚಿಗೆ ಜೋಗುಳ ಬರುತ್ತಿರಲಿಲ್ಲ. ಬರುತ್ತಿದ್ದುದು ಮದುಮಗನ ಮೆರವಣಿಗೆಯ ಧಾಟಿಗಳು ಮಾತ್ರ. ಅವನ್ನೇ ನಿಧಾನ ಮಾಡಿ, ದನಿ ಇಳಿಸಿ, ದಿನವೂ ಹಾಡಿದರು.

ಇತ್ತ ಮದುವೆ ಹಂಗಾಮು ಬಾಗಿಲಿಗೆ ಬಂದಿತ್ತು. ಮುಂಡರಗಿಯ ಮೊದಲ ಮೆರವಣಿಗೆ ಒಪ್ಪಿಕೊಂಡಾಗಿತ್ತು, ಕೋಟುಗಳಿಗೆ ಗೊಂಡೆಗಳೇ ಇರಲಿಲ್ಲ. ಆಗ, ನಗುತ್ತಿದ್ದ ಅದೇ ಹೆಂಗಸರು ಒಬ್ಬೊಬ್ಬರಾಗಿ ಚಾಚಿಯ ಅಂಗಳಕ್ಕೆ ಬಂದರಂತೆ. “ನೀವು ಕೂಸಿಂದು ನೋಡ್ರಿ. ಗೊಂಡೆ ಹೆಂಗ ಮಾಡೂದು ನಮಗ ತೋರಸ್ರಿ.” ಆ ವಾರವಿಡೀ ಅಂಗಳದಲ್ಲಿ ತಾಲೀಮೂ ನಡೆಯಿತು, ಹೆಣಿಗೆಯ ಪಾಠವೂ ನಡೆಯಿತು. ಸಂಜೆಗೆ ಚುರುಮುರಿಯ ಗಿರಮಿಟ್ಟು, ಚಹಾ. ಡೋಲಿನವನು ತಾಳ ತಪ್ಪಿದರೆ ಇವರ ಎಳೆಯೂ ತಪ್ಪುತ್ತಿತ್ತಂತೆ!

ಒಂದು ಬೆಳಿಗ್ಗೆ ಕೂಸು ತಾನಾಗಿ ಬಾಯಿ ಹಚ್ಚಿ ಕುಡಿಯಿತು. ಎಳೆದೆಳೆದು ಕುಡಿಯಿತು. ಆಮೇಲೆ ತೂಕ ನೋಡಿದ ನರ್ಸಕ್ಕ ಅಲ್ಲಿಂದಲೇ ಕೂಗಿದಳು, “ಏರೈತ್ರೀ!” ನಾನು ಅತ್ತೆ. ಮೂಲೆಯ ಕೂಸಿನ ತಾಯಿಯೂ ಅತ್ತಳು. ಚಾಚಿ ಮಾತ್ರ ಸೊಂಟಕ್ಕೆ ಕೈಯಿಟ್ಟು, ಮದುಮಗನ ತಾಯಿಯ ಹಾಗೆ ಬೀಗುತ್ತ ನಿಂತಿದ್ದರು.

ಮನೆಗೆ ಬಂದ ದಿನ ಓಣಿಯ ಎರಡೂ ಬದಿಗೆ ಬ್ಯಾಂಡಿನವರು ನಿಂತಿದ್ದರು. ಮುಂಡರಗಿಗೆ ಹೊರಟವರು. ಕೆಂಪು ಕೋಟು, ಭುಜದ ಮೇಲೆ ಒಂದಕ್ಕೊಂದು ಹೊಂದದ ಸೊಟ್ಟ ಗೊಂಡೆಗಳು. ಬಾರಿಸಲೋ ಬೇಡವೋ ಎಂದು ಎಲ್ಲರೂ ಚಾಚಾನ ಮುಖ ನೋಡಿದರು.

“ಬ್ಯಾಡ, ಕೂಸು ಬೆಚ್ಚತೈತಿ,” ಎಂದರು ಚಾಚಾ.

“ಅಕಿಗೆ ಗೊತ್ತಿದ್ದ ಧಾಟೀನ ಐತಿ. ಬಾರಿಸ್ರಿ!” ಎಂದರು ಚಾಚಿ.

ಕ್ಲಾರಿನೆಟ್ ಎದ್ದಿತು, ಕಹಳೆ ಎದ್ದಿತು, ಡೋಲು ಗುಡುಗಿತು. ಪಟ್ಟಿಯೊಳಗೆ ನನ್ನ ಮಗಳು ಕಣ್ಣು ತೆರೆದಳು. ಅಳಲಿಲ್ಲ! ಇಷ್ಟಗಲ ಕಣ್ಣು ಮಾಡಿ ಕೇಳುತ್ತಿದ್ದಳು. ಅವ್ವ ಹೂರಣದ ಹೋಳಿಗೆಗೆ ತುಪ್ಪ ಸುರಿದು ಬ್ಯಾಂಡಿನವರ ಕೈಕೈಗೆ ಇಟ್ಟಳು. ಆ ಗದ್ದಲದ ನಡುವೆ ಕೂಸಿನ ಹೆಸರಿನ ಮಾತನ್ನು ನಾನೇ ತೆಗೆದೆ.

ಚಾಚಿ ಹೋಗಿ ವರ್ಷಗಳಾದವು. ಚಾಚಾ ಲಕ್ಷ್ಮೇಶ್ವರದ ಮಗಳ ಮನೆಯಲ್ಲಿದ್ದಾರೆ, ಈಗ ಊದುವುದಿಲ್ಲ. ಆ ಅಂಗಳ ದಾಟುವಾಗ ನನಗೆ ಇವತ್ತಿಗೂ ಕಾಲು ತಡೆಯುತ್ತದೆ... ಆದರೆ ಕಡ್ಡಿ ಹಿಡಿಯುವುದನ್ನು ಚಾಚಿಯಿಂದಲೇ ಕಲಿತೆ. ಪ್ರತಿ ವಸಂತಕ್ಕೂ ಓಣಿಯ ನಾವೊಂದಷ್ಟು ಜನ ಕೂತು ಪುಟ್ಟ ಟೋಪಿ, ಪಟ್ಟಿಗಳನ್ನು ಹೆಣೆದು ಆಸ್ಪತ್ರೆಗೆ ಕೊಡುತ್ತೇವೆ.

ನಿನ್ನೆ ಮಗಳ ಜೊತೆ ಹೋಗಿದ್ದೆ. ಎಳೆಯ ಬಾಣಂತಿಯೊಬ್ಬಳು ಎದೆಯ ಮೇಲಿನ ಅಂಗೈಯಗಲದ ಜೀವವನ್ನು ನೋಡುತ್ತ ಕೇಳಿದಳು, “ಅಕ್ಕಾ, ಇದು ಉಳೀತೈತೇನ್ರಿ?”

ಇದಕ್ಕೆ ಉತ್ತರ ಹೇಳಲು ಚಾಚಿ ಇರಬೇಕಿತ್ತು. ಬಾಗಿಲ ಬಳಿ ನಿಂತಿದ್ದ, ನನಗಿಂತ ಗೇಣು ಎತ್ತರ ಬೆಳೆದ ಮಗಳನ್ನು ಕೈಹಿಡಿದು ಕರೆತಂದು, ಆ ಮಂಚದ ಎದುರು ನಿಲ್ಲಿಸಿದೆ.