ನಾಲ್ಕು ನೀಲಿ ಕಿಂಡಿಗಳು

ಕೇಪ್ ಕೋಸ್ಟಿನ ಮಾರುಕಟ್ಟೆಯ ಹಿಂದೆ, ಹಡಗಿನಿಂದ ಇಳಿದು ತುಕ್ಕು ಹಿಡಿದ ಕಬ್ಬಿಣದ ಕಂಟೇನರೊಂದೇ ಕೊಬಿನಾ ಎಸ್ಸಿಲ್ಫಿಯ ಅಂಗಡಿ. ಹತ್ತೊಂಬತ್ತು ವರ್ಷ ಹೆಣಗಳ ವಿಡಿಯೊ ತೆಗೆದೇ ಅನ್ನ ದುಡಿದವನು. ಶನಿವಾರ ಮಣ್ಣು ಮಾಡುವುದನ್ನು ಸೆರೆಹಿಡಿಯುವುದು, ಭಾನುವಾರ ಕಂಪ್ಯೂಟರಿಗೆ ಇಳಿಸಿ ಕ್ಯಾಮೆರಾದ ಕಾರ್ಡು ಅಳಿಸುವುದು, ಮುಂದಿನ ಹೆಣಕ್ಕೆ ಸಿದ್ಧವಾಗುವುದು. ಆ ಊರಲ್ಲಿ ಚಿತ್ರ ತೆಗೆಯುವವರೆಲ್ಲರ ಪದ್ಧತಿ ಇದೇ. ಸಾವು ರಜೆ ಹಾಕುವುದಿಲ್ಲ.

ಕಂಪ್ಯೂಟರ್ ಮುದಿಯಾಗಿತ್ತು. ಅದರ ಯುಎಸ್‌ಬಿ ಕಿಂಡಿಯಲ್ಲಿ ಒಂದು ಪೆನ್‌ಡ್ರೈವ್ ತುಂಬುವಷ್ಟರಲ್ಲಿ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಬೇಯಿಸಿ, ಮೀನಿನ ಜೊತೆ ಉಂಡು, ಕೈ ತೊಳೆದು ಬರಬಹುದಿತ್ತು. ಆ ವಾರ ಮಣ್ಣಾಗಿದ್ದ ಹಿರಿಯ ಕ್ವಾಮೆನಾ ಓಟೂನ ಮನೆಯವರಿಗೆ ಅಂಥ ಮೂವತ್ತು ಪೆನ್‌ಡ್ರೈವ್ ಬೇಕಿದ್ದವು. ಮೊದಲನೆಯದು ಅವನ ಹೆಂಡತಿ ಎಫುವಾಳಿಗೆ. ಸೊಂಟ ಮುರಿದು ಮಲಗಿದ್ದ ಆಕೆ ಗಂಡನನ್ನು ಮಣ್ಣು ಮಾಡಿದ್ದನ್ನು ಕಂಡಿರಲಿಲ್ಲ. ಅದೊಂದು ತೋರಿಸಿಬಿಡು, ಬೇರೇನೂ ಬೇಡ ಎಂದಿದ್ದಳು.

ಎಫುವಾಳ ಪೆನ್‌ಡ್ರೈವ್ ಅರ್ಧ ತುಂಬುವ ಹೊತ್ತಿಗೆ ಕೊಬಿನಾನ ತಾಳ್ಮೆ ಮುಗಿಯಿತು. ಅದನ್ನು ಕಿತ್ತು, ಕಂಪ್ಯೂಟರ್ ಆರಿಸಿ, ಪಕ್ಕದಲ್ಲಿ ಹಳೆ ಬಿಡಿಭಾಗ ಮಾರುವ ಅರಬಾಳಿಂದ ನಾಲ್ಕು ನೀಲಿ ಕಿಂಡಿಗಳ ವೇಗದ ಯುಎಸ್‌ಬಿ ಕಾರ್ಡು ತಂದ. ಇದಕ್ಕೆ ಬೇರೆಯೇ ವಿದ್ಯುತ್ ತಂತಿ ಬೇಕು, ನಿನ್ನ ಪವರ್ ಸಪ್ಲೈಯಲ್ಲಿ ಒಂದೂ ಉಳಿದಿಲ್ಲ, ಅದನ್ನೂ ಬದಲಿಸು ಎಂದಳು ಅವಳು.

"ಹಾರ್ಡ್ ಡಿಸ್ಕಿನ ತಂತಿಯಿಂದ್ಲೇ ಕವಲು ತೆಗೀತೀನಿ ಬಿಡು."

"ತೆಗಿ. ನಿನ್ನ ಹೆಣದ ಚಿತ್ರಾನ ನಾನೇ ತೆಗೀತೀನಿ, ಪುಕ್ಕಟೆ."

ಅವನು ತಂತಿ ಸುಲಿದು, ತಿರುಚಿ, ಟೇಪು ಸುತ್ತಿದ. ಮದರ್‌ಬೋರ್ಡಿನ ಖಾಲಿ ಜಾಗಕ್ಕೆ ಕಾರ್ಡು ಒತ್ತಿ ಕೂರಿಸಿದ. ಕಂಪ್ಯೂಟರ್ ಹಚ್ಚಿ ನಾಲ್ಕು ಪೆನ್‌ಡ್ರೈವ್ ಒಟ್ಟಿಗೆ ಚುಚ್ಚಿದ. ಅಂಕಿಗಳು ಓಡತೊಡಗಿದವು. ಖುಷಿಯಲ್ಲಿ ಕಂಪ್ಯೂಟರಿನ ಮುಚ್ಚಳ ತಳ್ಳಿ ಗುದ್ದಿದ್ದೇ ತಪ್ಪಾಯಿತು. ಟೇಪು ಸರಿದು ಹನ್ನೆರಡು ವೋಲ್ಟಿನ ಹಳದಿ ತಂತಿ ಐದು ವೋಲ್ಟಿನ ಕೆಂಪಿಗೆ ತಾಗಿತು. ಟಪ್ ಎಂದಿತು, ಸುಟ್ಟ ವಾಸನೆ ಬಂತು. ಹಾರ್ಡ್ ಡಿಸ್ಕ್ ಸತ್ತಿತ್ತು. ನೀಲಿ ಕಿಂಡಿಯಲ್ಲಿದ್ದ ನಾಲ್ಕೂ ಸುಟ್ಟು, ಅವುಗಳಲ್ಲೂ ಏನೂ ಉಳಿದಿರಲಿಲ್ಲ. ಕ್ಯಾಮೆರಾದ ಕಾರ್ಡನ್ನು ಪದ್ಧತಿಯಂತೆ ಆಗಲೇ ಅಳಿಸಿಯಾಗಿತ್ತು. ಉಳಿದದ್ದು ಅವನೇ ಕಿತ್ತಿಟ್ಟ ಆ ಅರ್ಧ ಪೆನ್‌ಡ್ರೈವ್.

ಅದನ್ನೇ ಹಿಡಿದು ಎಫುವಾಳ ಮನೆಗೆ ಹೋದ. ಟಿವಿಯಲ್ಲಿ ಜನ ಅತ್ತರು, ಹಾಡಿದರು, ಹೆಣಪೆಟ್ಟಿಗೆಯನ್ನು ಹೆಗಲಿಗೆತ್ತಿದರು. ಪರದೆ ಕಪ್ಪಾಯಿತು.

"ಆಮೇಲೆ?"

"ಅಷ್ಟೇ ಇರೋದು, ಅಮ್ಮಾ. ಉಳಿದದ್ದು ನನ್ನ ಕೈಯಲ್ಲೇ ಸುಟ್ಟುಹೋಯ್ತು."

ಆಕೆ ಬೈಯಲಿಲ್ಲ. ಬೈದಿದ್ದರೆ ಅವನು ಬೇಗ ಎದ್ದು ಹೋಗಬಹುದಿತ್ತು.

"ನೀನು ಅಲ್ಲೇ ಇದ್ಯಲ್ಲ, ಮಗಾ. ಬಾಯಲ್ಲೇ ಹೇಳು. ಮೊದಲ ಹಿಡಿ ಮಣ್ಣು ಯಾರು ಹಾಕಿದ್ರು?"

ಕೊಬಿನಾ ಗುಂಡಿಯ ಅಂಚಿನಲ್ಲೇ ನಿಂತಿದ್ದ, ನಿಜ. ಆದರೆ ಕ್ಯಾಮೆರಾದ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗುತ್ತಿದ್ದುದಷ್ಟೇ ಅವನಿಗೆ ನೆನಪಿತ್ತು. ಒಂದು ಮುಖವೂ ಕಣ್ಣಿಗೆ ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮಣ್ಣು ಮಾಡಿದ್ದನ್ನು ಒಮ್ಮೆಯೂ ಅವನು ನೋಡಿರಲಿಲ್ಲ.

ಎಫುವಾ ಕಪ್ಪು ಪರದೆ ಬಿಟ್ಟು ಅವನ ಬಾಯನ್ನೇ ನೋಡುತ್ತ ಮಲಗಿದ್ದಳು.